ಗೇಟಿನವರೆಗೆ ನಡೆಯುವ ಈನಿಡ್

ಬಲಕ್ಕೆ, ಸ್ಟೇಷನ್ನಿನಿಂದ ಹೊರಬಿದ್ದ ರಸೆಲ್ ಹಲಗೆ ನೋಡದೆ ಬಲಕ್ಕೆ ತಿರುಗಿದ, ಊರಿನ ನಡುವಿಗೆ ದಾರಿ ಎಂದು ಬಾಣದ ಗುರುತಿರುವ ಹಲಗೆ ಎದುರಿಗೇ ನಿಂತಿದೆ, ಅದರತ್ತ ಕಣ್ಣೂ ಹಾಯಿಸಲಿಲ್ಲ, ಕೈ ಜೇಬಿನಲ್ಲಿ, ಭುಜ ಸಡಿಲ, ತನ್ನದೇ ಮನೆಯ ಮೆಟ್ಟಿಲು ಹತ್ತುವವನ ಹಾಗೆ — ಶಾಲೇಲಿದ್ದಾಗ ಒಂದ್ಸಲ ಬಂದಿದ್ದೆ ಕಣೇ, ಆಮೇಲೆ ಈ ಕಡೆ ತಲೆ ಹಾಕಿಲ್ಲ ಎಂದು ರೈಲಿನಲ್ಲಿ ಹೇಳಿದವನು ಇವನೇ, ಈಗ ತಾನೇ, ಕಿಟಕಿಯಾಚೆ ಟೈನ್ ನದಿ ಚಹಾದ ಬಣ್ಣದಲ್ಲಿ ನಮಗೆದುರಾಗಿ ಹರಿಯುತ್ತಿದ್ದಾಗ. ಶಾಲೆಯ ಮಕ್ಕಳಿಗೆ ದಾರಿ ಇಷ್ಟು ನೆನಪಿರುತ್ತದೆಯೇ. ಇರಬಹುದು. ನನಗೆ ನನ್ನ ಶಾಲೆಯ ಪ್ರವಾಸಗಳಲ್ಲಿ ನೆನಪಿರುವುದು ಬಸ್ಸಿನಲ್ಲಿ ವಾಂತಿ ಮಾಡಿದ ಹುಡುಗಿಯೊಬ್ಬಳೇ. ಈಗ ಎರಡು ಗೋಡೆಗಳ ನಡುವಿನ ಓಣಿಗೆ ನುಗ್ಗಿದ, ಹೊರಗಿನಿಂದ ನೋಡಿದರೆ ಯಾರದೋ ಹಿತ್ತಿಲಿಗೆ ಹೋಗುವ ಓಣಿ, ಬಾ ಬಾ ಎಂದು ಕೈಬೀಸುತ್ತಾನೆ, ನಾನು ಹಿಂದೆ ಹೋಗುತ್ತೇನೆ, ಅವನ ನೀಲಿ ಜಾಕೆಟ್ಟಿನ ಬೆನ್ನು ನೋಡುತ್ತ, ಬೆನ್ನುಗಳು ಸುಳ್ಳು ಹೇಳುವುದಿಲ್ಲ ಎಂದು ಒಂದು ಕಾಲಕ್ಕೆ ನಂಬಿದ್ದೆ. ಶನಿವಾರ ಎಲ್ಲಿಗಾದರೂ ಹೋಗಿ ಬರೋಣ ಎಂದವನು ರಸೆಲ್, ಊರು ಆರಿಸಿದವಳು ನಾನು. ಟೈನ್‌ಮತ್‌ಗೆ ಹೋಗೋಣ, ಸಮುದ್ರ ಇದೆ, ಕರಿದ ಮೀನು ತಿನ್ನೋಣ ಅಂದ, ಡರ್ಹ್ಯಾಮ್ ಅಂದ, ನಾನು ಹೆಕ್ಸ್‌ಹ್ಯಾಮ್ ಎಂದ ಕೂಡಲೇ ಅಲ್ಲೇನಿದೆ ಮಣ್ಣು ಅಂದ, ಅಂದಮೇಲೆ ಫೋನಿನಲ್ಲಿ ಏನೋ ಹುಡುಕುವವನಂತೆ ತಲೆ ತಗ್ಗಿಸಿದ. ಆ ತಗ್ಗಿದ ತಲೆಯಿಂದಲೇ ನನಗೆ ಈ ಊರು ಬೇಕೇ ಬೇಕಾಯಿತು. ಹಳೆಯ ಕ್ರೈಸ್ತ ಮಠ ನೋಡಬೇಕು ಅಂದೆ. ಸುಳ್ಳೇನಲ್ಲ. ನಾನು ನಿನ್ನ ಮನೆಗೇ ಬಂದಿರ್ಲಾ, ಸಂಜೆ ವಾಪಸ್ ಬರೋ ಹೊತ್ತಿಗೆ ಹೇಳು ಬ್ರಯ್, ಅವಸರ ಇಲ್ಲ, ಆದ್ರೆ ತಿಂಗಳ ಕೊನೆಗೆ ನನ್ನ ಬಾಡಿಗೆಮನೆ ಬಿಡಬೇಕು, ಟೂತ್‌ಬ್ರಷ್ ಹೇಗೂ ನಿನ್ನ ಮನೇಲೇ ಇದೆ, ಇನ್ನು ಬರಬೇಕಾಗಿರೋದು ಸೈಕಲ್ಲು ಮತ್ತೆ ನಾನು. ನಗುತ್ತಲೇ ಹೇಳಿದ, ಆದರೆ ಟಿಕೆಟ್ಟನ್ನು ಬೆರಳಿನಲ್ಲಿ ಸುರುಳಿ ಮಾಡುತ್ತಿದ್ದ. ಸಂಜೆಯೊಳಗೆ ಹೌದು ಎನ್ನಬೇಕು, ಇಲ್ಲವೇ ಇಲ್ಲ ಎನ್ನಬೇಕು. ಬಾ ಎನ್ನಬಹುದು. ಎರಡು ಚಳಿಗಾಲ ಒಬ್ಬಳೇ ಕಳೆದ ಮನೆ, ಒಂದೇ ಬದಿಗೆ ತಗ್ಗು ಬಿದ್ದ ಹಾಸಿಗೆ. ಆದರೆ ಯಾರನ್ನು ಒಳಗೆ ಕರೆಯುತ್ತಿದ್ದೇನೆ ಎಂದು ತಿಳಿಯದೆ ಇನ್ನೊಮ್ಮೆ ಬಾಗಿಲು ತೆರೆಯಲಾರೆ, ಒಮ್ಮೆ ತೆರೆದಿದ್ದೆ, ಸಾಕು.

ನನ್ನ ಗಂಡ ಡೊಮಿನಿಕ್ ಆವತ್ತು ಸಂಡರ್‌ಲೆಂಡ್‌ಗೆ ಎಂದು ಹೇಳಿ ಹೋದ. ಅಲ್ಲೊಂದು ಲಿಫ್ಟು ಎರಡು ಮಹಡಿ ನಡುವೆ ಸಿಕ್ಕಿಕೊಂಡಿದೆ, ಊಟಕ್ಕೆ ಕಾಯಬೇಡ ಅಂದ, ಕೆನ್ನೆಗೆ ಮುತ್ತು ಕೊಟ್ಟ, ಕೆನ್ನೆಯ ಮೇಲೆ ಬ್ರೆಡ್ಡಿನ ಬೆಣ್ಣೆ ಹತ್ತಿತು, ಒರೆಸಿಕೊಂಡೆ, ಒರೆಸಿಕೊಳ್ಳಬಾರದಿತ್ತು. ಸಂಡರ್‌ಲೆಂಡ್ ಇರುವುದು ದಕ್ಷಿಣಕ್ಕೆ. ಅವನ ಕಾರು ಸಿಕ್ಕಿದ್ದು ಉತ್ತರದಲ್ಲಿ, ರೋತ್‌ಬರಿ ಕಡೆಯ ಗುಡ್ಡದ ರಸ್ತೆಯಲ್ಲಿ, ಕಣ್ಣಿಗೆ ಕಾಣದ ಮಂಜುಗಡ್ಡೆಯ ಮೇಲೆ ಜಾರಿ ಕಲ್ಲಿನ ಗೋಡೆಗೆ ಬಡಿದಿತ್ತು, ಅವನು ಅದರೊಳಗೇ ಸತ್ತಿದ್ದ. ಹಿಂದಿನ ಸೀಟಿನಲ್ಲಿ ಒಂದು ಗೆರಾನಿಯಂ ಹೂಕುಂಡ, ಸೀಟಿನ ಬೆಲ್ಟು ಬಿಗಿದು ಕೂರಿಸಿದ್ದ, ಒಂದು ಎಲೆಯೂ ಮುರಿದಿರಲಿಲ್ಲ, ಬೆಲೆಚೀಟಿ ಕಿತ್ತ ಜಾಗದಲ್ಲಿ ಅಂಟು ಮಾತ್ರ ಉಳಿದಿತ್ತು — ಸ್ವಂತಕ್ಕೆ ಕೊಂಡದ್ದರ ಬೆಲೆಚೀಟಿಯನ್ನು ಯಾರೂ ಉಗುರಿನಿಂದ ಕೆರೆದು ಕೀಳುವುದಿಲ್ಲ. ಪೊಲೀಸಿನ ಹುಡುಗಿ ಅದನ್ನು ಎರಡೂ ಕೈಯಲ್ಲಿ ಹಿಡಿದು ತಂದುಕೊಟ್ಟಳು, ನಿಮಗೆ ಅಂತ ತಗೊಂಡಿದ್ರು ಅನ್ಸುತ್ತೆ ಅಂದಳು, ಹೌದು ಅಂದೆ. ಗೆರಾನಿಯಂ ವಾಸನೆ ನನಗೆ ಆಗುವುದಿಲ್ಲ, ಡೊಮಿನಿಕ್‌ಗೆ ಅದು ಗೊತ್ತಿತ್ತು. ಈಗಲೂ ನೀರು ಹಾಕುತ್ತೇನೆ. ಮತ್ತೆ ಜನ ಬಂದರು, ಕೇಕು ಬಂತು, ಕಾರ್ಡುಗಳು ಬಂದವು, ಎಲ್ಲರೂ ಒಂದೇ ಮಾತು ಹೇಳಿದರು, ದಾರಿ ತಪ್ಪಿರಬೇಕು ಪಾಪ. ಅತ್ತೆ ಹೇಳಿದರು, ದಾರಿ ತಪ್ಪಿರಬೇಕು. ಪಾದ್ರಿ ಹೇಳಿದರು. ಡೊಮಿನಿಕ್ ಜೊತೆ ಒಂದೇ ವ್ಯಾನಿನಲ್ಲಿ ತಿರುಗಿ ಲಿಫ್ಟು ರಿಪೇರಿ ಮಾಡುತ್ತಿದ್ದ ರಸೆಲ್ ಹೇಳಿದ, ನಮ್ಮ ಅಡುಗೆಮನೆಯ ಮೇಜಿಗೆ ಕೂತು, ಎಲ್ಲರೂ ಹೋದಮೇಲೆ, ತಟ್ಟೆಗಳನ್ನು ತಾನೇ ತೊಳೆದು. ಟೈನ್ ದಂಡೆಯಲ್ಲಿ ಹುಟ್ಟಿ ಬೆಳೆದವನು ಉತ್ತರಕ್ಕೂ ದಕ್ಷಿಣಕ್ಕೂ ವ್ಯತ್ಯಾಸ ತಿಳಿಯದೆ ಹೊಳೆ ದಾಟುವುದನ್ನು ಮರೆತನಂತೆ, ನಾನು ಭೂಗರ್ಭಶಾಸ್ತ್ರ ಓದಿದವಳು, ನಕ್ಷೆ ಓದುವುದು ನನಗೆ ಅಕ್ಷರ ಓದಿದ ಹಾಗೆ, ಆದರೂ ಹೂಂ ಅಂದೆ, ದಾರಿ ತಪ್ಪಿರಬೇಕು. ನಮ್ಮಲ್ಲಿ ಹಾಗೆ. ಒಬ್ಬರು ಚಹಾ ಕೊಡುತ್ತ ಏನಾದರೂ ಹೇಳಿದರೆ ಹೂಂ ಅನ್ನಬೇಕು. ಆಮೇಲೆ ರಸೆಲ್ ಸೋರುವ ಮಳೆನೀರಿನ ಕೊಳವೆ ಸರಿಮಾಡಲು ಬಂದ, ಬಾಯ್ಲರ್ ನೋಡಲು ಬಂದ, ಏನೂ ಕೆಡದಿದ್ದಾಗಲೂ ಬಂದ. ಒಳ್ಳೆಯವನು. ಎಲ್ಲರೂ ಹೇಳುತ್ತಾರೆ, ಒಳ್ಳೆಯವನು.

ಮಠದ ಒಳಗೆ ತಣ್ಣಗಿದೆ, ಮೇಣದ ವಾಸನೆ, ಯಾರೋ ಆರ್ಗನ್ನಿನ ಒಂದೇ ಸ್ವರವನ್ನು ಒತ್ತಿ ಬಿಟ್ಟು ಒತ್ತಿ ಬಿಟ್ಟು ಮಾಡುತ್ತಿದ್ದಾರೆ, ರಿಪೇರಿಯೋ ಅಭ್ಯಾಸವೋ. ರಾತ್ರಿ ಸನ್ಯಾಸಿಗಳು ಪ್ರಾರ್ಥನೆಗೆ ಇಳಿಯುತ್ತಿದ್ದ ಕಲ್ಲಿನ ಮೆಟ್ಟಿಲು ನಡುವೆ ಸವೆದು ತೊಟ್ಟಿಲಿನಂತಾಗಿದೆ, ರಸೆಲ್ ಅದನ್ನು ನೋಡಿ, ಇವರಿಗೊಂದು ಲಿಫ್ಟು ಹಾಕಿಕೊಡಬಹುದಿತ್ತು, ಸನ್ಯಾಸಿಗಳ ಮಂಡಿ ಉಳೀತಿತ್ತು ಅಂದ, ಮೆಲ್ಲಗೆ ಹೇಳುತ್ತೇನೆಂದುಕೊಂಡು ಎಲ್ಲರಿಗೂ ಕೇಳುವ ಹಾಗೆ, ಹೂವು ಜೋಡಿಸುತ್ತಿದ್ದ ಹೆಂಗಸು ನಗು ನುಂಗಿದಳು. ನಾನೂ ನಕ್ಕೆ. ನಕ್ಕೆ ಎಂದು ಗೊತ್ತಾದಾಗ ನಗು ನಿಂತಿತು, ಈಗೆಲ್ಲ ಹಾಗೇ ಆಗುತ್ತದೆ. ರೋಮನ್ ಸವಾರನ ಸಮಾಧಿಕಲ್ಲಿನ ಮುಂದೆ ನಿಂತೆವು, ತಲೆಯ ಮೇಲೆ ಗರಿಯಿಟ್ಟ ತರುಣ, ಕುದುರೆಯ ಕಾಲಡಿ ಈ ನೆಲದವನೊಬ್ಬ ಕುಕ್ಕರುಗಾಲಿನಲ್ಲಿ, ಸಾಯುವಾಗ ಇಪ್ಪತ್ತೈದು ವರ್ಷ ಅಂತೆ, ಮಠ ಕಟ್ಟಿದವರು ಇವನನ್ನು ತಂದು ಅಡಿಪಾಯಕ್ಕೆ ಹಾಕಿದರು, ಶತಮಾನಗಳ ಕಾಲ ಕತ್ತಲಲ್ಲಿದ್ದ. ಪಾಪ, ಯಾರಿಗೂ ಗೊತ್ತಿರ್ಲಿಲ್ವಲ್ಲ ಅಂದ ರಸೆಲ್. ಹಾಕಿದವರಿಗೆ ಗೊತ್ತಿತ್ತು ಅಂದೆ. ಕಲ್ಲನ್ನು ಎತ್ತಿ ತಂದವರಿಗೆ, ಕೂರಿಸಿದವರಿಗೆ, ಎಲ್ಲರಿಗೂ ಗೊತ್ತಿತ್ತು, ಅವರು ಸತ್ತಮೇಲೆ ಗೊತ್ತಿರುವವರು ಇಲ್ಲವಾದರು ಅಷ್ಟೆ. ಅವನು ನನ್ನ ಮುಖ ನೋಡಿದ, ಹಸಿವಾಗ್ತಿದೆಯಾ ಅಂದ. ಮಾತು ಭಾರವಾದಾಗಲೆಲ್ಲ ಅವನಿಗೆ ನನ್ನ ಹಸಿವಿನ ಚಿಂತೆ. ಹೊರಗೆ ಬಿಸಿಲು, ಸಂತೆಯ ಚೌಕದಲ್ಲಿ ಚೀಸಿನವನು ಕೂಗುತ್ತಿದ್ದಾನೆ, ನಾಯಿಗಳು ಪರಸ್ಪರ ಮೂಸುತ್ತವೆ, ನಾಯಿಗಳ ಒಡೆಯರು ಪರಸ್ಪರ ಹವಾಮಾನ ಹೇಳಿಕೊಳ್ಳುತ್ತಾರೆ. ರಸೆಲ್ ರಸ್ತೆಯ ಆಚೆ ಬದಿಗೆ ದಾಟಿದ, ದಾಟಬೇಕಾದ ಕಾರಣ ನನಗೆ ಕಾಣಲಿಲ್ಲ, ಆಮೇಲೆ ಕಂಡಿತು, ಈ ಬದಿಯಲ್ಲಿ ಒಂದು ಸಣ್ಣ ಚಹಾದಂಗಡಿ, ಹಬೆಗಟ್ಟಿದ ಗಾಜು, ಒಳಗೆ ಯಾರೋ ಕಾವಲಿಯ ಮೇಲೆ ಒಣದ್ರಾಕ್ಷಿ ರೊಟ್ಟಿ ಹಾಕುತ್ತಿದ್ದಾರೆ, ಬೆಣ್ಣೆ ಚುಂಯ್ ಎನ್ನುವುದು ಬೀದಿಗೆ ಕೇಳುತ್ತದೆ, ನಮ್ಮ ಅಜ್ಜಿ ಅದಕ್ಕೇ ಹಾಡೋ ರೊಟ್ಟಿ ಅನ್ನುತ್ತಿದ್ದಳು. ಇಲ್ಲಿ ಹೋಗೋಣ ಅಂದೆ. ಇಲ್ಲಿ ಬೇಡ ಬ್ರಯ್, ಗಿಜಿಗಿಜಿ, ಅಲ್ಲಿ ಮುಂದೆ ಒಂದು ಪಬ್ಬಿದೆ, ಒಳ್ಳೇ ಪೈ ಸಿಗುತ್ತೆ. ಒಳ್ಳೆಯ ಪೈ ಸಿಗುತ್ತದೆ ಎಂದು ಶಾಲೆಯ ಹುಡುಗನಿಗೆ ಹೇಗೆ ಗೊತ್ತು. ಅಂಗಡಿಯಲ್ಲಿ ಅರ್ಧದಷ್ಟು ಮೇಜು ಖಾಲಿ. ಬಾಗಿಲು ತಳ್ಳಿದೆ, ಗಂಟೆ ಕಿಣಿಗುಟ್ಟಿತು, ರಸೆಲ್ ರಸ್ತೆ ದಾಟಿ ಹಿಂದೆ ಬಂದ.

ಅಯ್ಯೋ ಕ್ಲೈವ್, ಬದುಕಿದ್ಯೇನೋ ಮಗನೇ, ನೀನೆಲ್ಲೋ ಹೊಳೆಗೆ ಬಿದ್ದೆ ಅಂದ್ಕೊಂಡಿದ್ದೆ. ಎಪ್ಪತ್ತರ ಹತ್ತಿರದ ಹೆಂಗಸು, ಹಿಟ್ಟು ಹತ್ತಿದ ಮೊಣಕೈ, ಏಪ್ರನ್ನಿನ ಮೇಲೆ ವಿನ್ನಿ ಎಂದು ಹೊಲಿದಿದೆ, ಕಾವಲಿಯ ಹಿಂದಿನಿಂದ ನೇರ ರಸೆಲ್‌ನ ಮುಖಕ್ಕೆ ಹೇಳುತ್ತಿದ್ದಾಳೆ, ನನ್ನ ಹಿಂದೆ ಯಾರಿದ್ದಾರೆ ಎಂದು ತಿರುಗಿ ನೋಡಿದೆ, ರಸೆಲ್ ಬಿಟ್ಟರೆ ಯಾರೂ ಇಲ್ಲ. ಕ್ಲೈವ್. ಅವನ ಬಾಯಿ ತೆರೆಯಿತು. ಮುಚ್ಚಿತು. ಮತ್ತೆ ಮುಗುಳ್ನಗೆ ಬಂತು, ಮೆತ್ತನೆಯ, ಎಣ್ಣೆ ಹಾಕಿದ ಬಾಗಿಲಿನಂತೆ ಸದ್ದಿಲ್ಲದೆ ತೆರೆದುಕೊಂಡ ನಗೆ — ಕೆಲಸ ಜಾಸ್ತಿ ವಿನ್ನಿ, ಬಿಡುವೇ ಇಲ್ಲ. ಕಿಟಕಿ ಪಕ್ಕದ ಮೇಜು, ನಿಂದೇ ಮೇಜು, ಕೂತ್ಕೋ ಅಂದಳು. ನಿನ್ನದೇ ಮೇಜು. ಕುರ್ಚಿ ಎಳೆದ, ಗೋಡೆಗೆ ಬೆನ್ನು ಮಾಡಿ ಕೂತ, ಪ್ರತಿ ಸಲ ಹಾಗೇ ಕೂರುವವನಂತೆ, ನನ್ನ ಕಡೆ ನೋಡಲಿಲ್ಲ. ಕಿವಿ ಕೆಂಪಾಗಿದೆ. ನಾನು ಅವನ ಕಿವಿಯನ್ನು ನೋಡುತ್ತ ಯೋಚಿಸುತ್ತೇನೆ, ಇನ್ನೊಂದು ಹೆಸರು, ಇನ್ನೊಂದು ಊರು, ಹಾಗಾದರೆ ಇನ್ನೊಂದು ಮನೆ ಇರಬೇಕು, ಮನೆಯಿದ್ದರೆ ಮನೆಯಲ್ಲಿ ಯಾರೋ, ಬಾಡಿಗೆಮನೆ ಬಿಡಬೇಕು ಎಂದವನು ಯಾವ ಮನೆ ಬಿಡುತ್ತಿದ್ದಾನೆ, ಇವರೆಲ್ಲರೂ ಲಿಫ್ಟಿನ ಮನುಷ್ಯರು, ಗುಂಡಿ ಒತ್ತಿದ ಕಡೆ ಬಾಗಿಲು ತೆರೆದು ನಿಲ್ಲುತ್ತಾರೆ, ಡೊಮಿನಿಕ್‌ಗೂ ಹೀಗೇ ಎಲ್ಲೋ ಒಂದು ಮೇಜು ಇತ್ತೇ, ರೋತ್‌ಬರಿಯಲ್ಲಿ, ಕಿಟಕಿಯ ಪಕ್ಕ, ಯಾರೋ ಅವನನ್ನು ಬೇರೆ ಹೆಸರಿನಿಂದ ಕರೆದು ಗೆರಾನಿಯಂ ಕೈಗೆ ತೆಗೆದುಕೊಳ್ಳಲು ಕಾದಿದ್ದರೇ. ವಿನ್ನಿ ಕೆಟಲು, ಕಪ್ಪು, ಬಿಸಿ ರೊಟ್ಟಿ ತಂದಿಟ್ಟಳು, ಬೆಣ್ಣೆ ಕರಗಿ ತಟ್ಟೆಗೆ ಇಳಿಯುತ್ತಿದೆ. ಅಮ್ಮನ ಸೊಂಟ ಹೇಗಿದೆ, ಅದು ಹೇಳು ಮೊದಲು. ರಸೆಲ್‌ನ ತಾಯಿ ಸತ್ತಾಗ ಅವನಿಗೆ ಹತ್ತೊಂಬತ್ತು. ಅವನ ಹೆಬ್ಬೆರಳು ತಟ್ಟೆಯ ಅಂಚಿಗೆ ಹೋಯಿತು, ರೊಟ್ಟಿಯ ಪುಡಿಯನ್ನು ಒತ್ತಿ ಒತ್ತಿ ಒಂದು ಸಾಲು ಮಾಡಿತು, ಪರವಾಗಿಲ್ಲ ವಿನ್ನಿ, ಈಗ ಕೋಲು ಹಿಡ್ಕೊಂಡು ತೋಟದ ಗೇಟಿನ ತನಕ ನಡೀತಾಳೆ. ಗೇಟಿನ ತನಕ, ಹೌದಾ. ಹೂಂ, ಬೇಡ ಅಂದ್ರೂ ಕೇಳಲ್ಲ, ಗುಲಾಬಿಗೆ ಮೊಗ್ಗು ಬಂತಾ ಅಂತ ನೋಡ್ಬೇಕಂತೆ. ಅದೇ ಮತ್ತೆ, ಈನಿಡ್ ಯಾರ ಮಾತು ಕೇಳಿದ್ಲು ಹೇಳು ಎಂದು ವಿನ್ನಿ ಜೋರಾಗಿ ನಕ್ಕಳು, ಕಣ್ಣು ಒರೆಸಿಕೊಂಡಳು, ಹೊಗೆಗೆ ಇರಬೇಕು. ಎಷ್ಟು ಸಲೀಸು. ಗುಲಾಬಿಯನ್ನು ಯಾರೂ ಕೇಳಿರಲಿಲ್ಲ, ತಾನಾಗಿ ಸೇರಿಸಿದ. ಆಮೇಲೆ ಅವಳು ನನ್ನ ಕಡೆ ತಿರುಗಿದಳು, ನೀನು ಇವನ ಹೆಂಡ್ತಿ ಇರಬೇಕು, ಅಂತೂ ಕರ್ಕೊಂಡ್ಬಂದ, ನಾನು ಬಾಯಿ ತೆರೆದೆ, ಅಲ್ಲ ಎಂಬುದು ಎಷ್ಟು ಸಣ್ಣ ಮಾತು, ಹಿಟ್ಟಿನ ಕೈಯನ್ನು ಏಪ್ರನ್ನಿಗೆ ಒರೆಸಿ ನನ್ನ ಕೈ ಹಿಡಿಯಲು ಬಂದಿದ್ದಳು, ಹೂಂ ಅಂದೆ. ಹೂಂ, ಬಹಳ ಕೇಳಿದ್ದೆ ನಿಮ್ಮ ಬಗ್ಗೆ. ಅದನ್ನೂ ಯಾರೂ ಕೇಳಿರಲಿಲ್ಲ.

ರಸೆಲ್ ಎದ್ದ, ಹಿತ್ತಿಲಿನ ಕಕ್ಕಸಿನ ಬೀಗದಕೈ ಗೋಡೆಯ ಮೊಳೆಯಲ್ಲಿತ್ತು, ಯಾರೂ ಜೇಬಿಗೆ ಹಾಕಿಕೊಂಡು ಹೋಗದಿರಲೆಂದು ದೊಡ್ಡ ಮರದ ಸೌಟಿಗೆ ಕಟ್ಟಿದ್ದರು, ಸೌಟು ಹಿಡಿದು ಹೋದ, ನೋಡಲು ಹಾಸ್ಯವಾಗಿತ್ತು, ಬೇರೆ ದಿನವಾಗಿದ್ದರೆ. ವಿನ್ನಿ ಅವನ ಕುರ್ಚಿಯಲ್ಲಿ ಕೂತಳು. ಬಾಗಿಲ ಕಡೆ ನೋಡಿದಳು. ನೋಡು ಮಗಳೇ, ನೀನು ಯಾರೋ ನಂಗೊತ್ತಿಲ್ಲ, ಆದ್ರೆ ಕ್ಲೈವ್ ಹೆಂಡ್ತಿ ಅಲ್ಲ. ಅವನು ಕ್ಲೈವೂ ಅಲ್ಲ. ಕೈಯಲ್ಲಿದ್ದ ರೊಟ್ಟಿ ತಟ್ಟೆಗಿಟ್ಟೆ. ಗೊತ್ತಾ ನಿಮಗೆ. ಎರಡನೇ ವಾರವೇ ಗೊತ್ತಾಯ್ತು, ಈನಿಡ್ ನನ್ನ ಸ್ನೇಹಿತೆ, ಅವಳ ಮಗ ಚಿಕ್ಕವನಿದ್ದಾಗಲೇ ಕೆನಡಾಕ್ಕೆ ಹೋಗಿದ್ದ, ವಾಪಸ್ ಬಂದ ಅಂತ ಕೇಳಿದ್ದೆ, ಇವನು ಬಂದು ಕೂತಾಗ ಅವನೇ ಅಂದ್ಕೊಂಡೆ, ಅದೇ ಗಲ್ಲ. ಆಮೇಲೆ ಈನಿಡ್ ಮಗನ ಫೋಟೋ ತೋರಿಸಿದ್ಲು, ಬೋಳು ತಲೆ, ಕುಂಬಳಕಾಯಿ ಥರ. ಹಾಗಾದರೆ ಯಾಕೆ ಹೇಳಲಿಲ್ಲ ಅಂದೆ. ಹೇಗಮ್ಮ ಹೇಳೋದು, ಅಷ್ಟು ಹೊತ್ತಿಗೆ ಜಾಮ್ ಕೊಟ್ಟಿದ್ದೆ, ಅವನು ಥ್ಯಾಂಕ್ಸ್ ಅಂದಿದ್ದ, ಈಗ ನೀನು ಯಾರಪ್ಪ ಅಂದ್ರೆ ಪಾಪ ಅವನು ಮುಖ ಎಲ್ಲಿಡಬೇಕು. ಇದನ್ನು ಅವಳು ಯಾರಿಗೇ ಆದರೂ ಅರ್ಥವಾಗುವ ಮಾತೆಂಬಂತೆ ಹೇಳಿದಳು, ನನಗೆ ಅರ್ಥವೂ ಆಯಿತು, ಅದಕ್ಕೇ ಭಯವಾಯಿತು. ಗುರುವಾರ ಗುರುವಾರ ಬರ್ತಿದ್ದ, ಮೇಲಿನ ವೃದ್ಧಾಶ್ರಮದಲ್ಲಿ ಕೆಲಸ, ಲಿಫ್ಟಿನವನು ಅಂತ ಅಂಗಿ ಮೇಲೇ ಬರೆದಿತ್ತು, ಒಬ್ಬನೇ ಕೂತು ತಿಂತಿದ್ದ, ಅಮ್ಮ ಹೇಗಿದಾಳೆ ಅಂದ್ರೆ ಮುಖ ಅರಳೋದು. ಅಮ್ಮ ಇಲ್ಲದ ಹುಡುಗ ಅಂತ ಆವಾಗ್ಲೇ ಅನ್ಸಿತ್ತು. ಮೆಲ್ಲಗೆ ಟೇಬಲ್ಲಿನ ಬಟ್ಟೆಯ ಸುಕ್ಕು ನೀವಿದಳು. ಮತ್ತೆ ಈನಿಡ್ ಹೋಗಿಬಿಟ್ಲು, ಹೋದ ವರ್ಷದ ಚಳಿಗಾಲ, ಸೊಂಟದ ಆಪರೇಷನ್ ಆದ್ಮೇಲೆ ಹಾಸಿಗೆ ಬಿಟ್ಟು ಏಳಲೇ ಇಲ್ಲ. ನಾನೇ ಹೂವಿಟ್ಟೆ. ಅದಾದ ಮುಂದಿನ ಗುರುವಾರ ಇವನು ಬಂದ, ನನಗೆ ಏನಾಯ್ತೋ, ಅಮ್ಮ ಹೇಗಿದಾಳೆ ಅಂದೆ. ಮೆಟ್ಟಿಲು ಹತ್ತೋಕೆ ಶುರು ಮಾಡಿದಾಳೆ ಅಂದ. ವಿನ್ನಿ ನನ್ನನ್ನು ನೋಡಿದಳು, ನೀಲಿ ಕಣ್ಣು, ನಗುವಿಲ್ಲ. ಇಡೀ ಊರಲ್ಲಿ ಅವಳು ಇವನ ಬಾಯಲ್ಲೊಂದೇ ನಡೀತಾಳೆ. ನೀನು ಅವನಿಗೆ ಹೇಳಬೇಡ, ಆಯ್ತಾ. ಹಿತ್ತಿಲಿನ ಬಾಗಿಲು ಸದ್ದಾಯಿತು, ಎದ್ದಳು, ರೊಟ್ಟಿ ತಣ್ಣಗಾಗ್ತಿದೆ ತಿನ್ನು ತಿನ್ನು ಎಂದು ಜೋರಾಗಿ ಹೇಳಿದಳು, ರಸೆಲ್‌ಗೆ ಕೇಳಲಿ ಎಂದು, ಅವಳ ದನಿಯೂ ಎಷ್ಟು ಸಲೀಸು.

ಹೊರಡುವಾಗ ಕಾಗದದ ಪೊಟ್ಟಣ ಕೊಟ್ಟಳು, ಅಮ್ಮಂಗೆ ಕೊಡು, ಬಿಸಿ ಮಾಡಿ ಕೊಡು, ಹಾಗೇ ಕೊಟ್ಟರೆ ಬೈತಾಳೆ. ಖಂಡಿತ ಅಂದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕರು, ಸತ್ತವಳೊಬ್ಬಳ ರೊಟ್ಟಿ ಕೈಯಿಂದ ಕೈಗೆ ದಾಟಿತು. ಪಾರ್ಕಿನ ಹುಲ್ಲಿನಲ್ಲಿ ನಡೆದೆವು, ಬ್ಯಾಂಡಿನವರ ಮಂಟಪ ಖಾಲಿ, ಬಿಸಿಲಿಗೆ ಜನ ಕೋಟು ಬಿಚ್ಚಿ ಬಿದ್ದುಕೊಂಡಿದ್ದಾರೆ, ಏಪ್ರಿಲ್ಲಿನಲ್ಲಿ ಒಂದು ದಿನ ಬಿಸಿಲು ಬಂದರೆ ನಾವು ಹೀಗೆ, ಯುದ್ಧ ಮುಗಿದ ಹಾಗೆ. ಬೆಂಚಿನಲ್ಲಿ ಕೂತ, ಪೊಟ್ಟಣವನ್ನು ಮಡಿಲಲ್ಲಿಟ್ಟುಕೊಂಡ. ಬ್ರಯ್, ನಾನು ಕ್ಲೈವ್ ಅಲ್ಲ. ಗೊತ್ತು ಅಂದೆ, ನಿನ್ನ ಗ್ಯಾಸ್ ಬಿಲ್ಲಿನ ಮೇಲೆ ಹೆಸರು ನೋಡಿದೀನಿ. ನಗಬೇಡ. ನಗ್ತಿಲ್ಲ. ಮೊದಲನೇ ದಿನ ಬಾಯ್ತುಂಬ ರೊಟ್ಟಿ ಇತ್ತು ಕಣೇ, ನೀನು ಈನಿಡ್ ಮಗ ಅಲ್ವಾ ಅಂದ್ಲು, ಮಾತಾಡೋಕಾಗ್ಲಿಲ್ಲ, ತಲೆ ಹೆಂಗೋ ಅಲ್ಲಾಡ್ತು, ನುಂಗೋ ಅಷ್ಟರಲ್ಲಿ ಅಡುಗೆಮನೆಗೆ ಹೋಗಿ ನಾಕು ಜನಕ್ಕೆ ಹೇಳಿಬಿಟ್ಟಿದ್ಲು. ಮುಂದಿನ ವಾರ ಹೇಳಬಹುದಿತ್ತು. ಮುಂದಿನ ವಾರ ಅಮ್ಮಂಗೆ ಅಂತ ಜಾಮ್ ಎತ್ತಿಟ್ಟಿದ್ಲು. ಜಾಮ್ ಏನು ಮಾಡಿದೆ. ನಿಂಗೆ ಕೊಟ್ಟೆ ಅಂದ. ಡ್ಯಾಮ್ಸನ್ ಹಣ್ಣಿನದು. ಚಿಕ್ಕಮ್ಮ ಮಾಡಿದ್ದು ಎಂದು ತಂದಿದ್ದ, ಆ ಮೊದಲ ಚಳಿಗಾಲ ನನ್ನ ನಾಲಗೆಗೆ ಬೇರೇನೂ ರುಚಿಸುತ್ತಿರಲಿಲ್ಲ, ಸುಟ್ಟ ಬ್ರೆಡ್ಡು ಮತ್ತು ಆ ಹುಳಿ ಕಪ್ಪು ಜಾಮು, ಬಾಟಲಿಯ ತಳ ಚಮಚದಿಂದ ಕೆರೆದು ತಿಂದಿದ್ದೆ, ನಾನು ಕಾಣದ ಈನಿಡ್‌ಗೆಂದು ಯಾರೋ ಮಾಡಿದ್ದು. ಆದರೆ ಶಾಲೆ ಬಿಟ್ಟಮೇಲೆ ಈ ಊರಿಗೇ ಬಂದಿಲ್ಲ ಅಂದೆಯಲ್ಲ. ನೀನು ನಗ್ತೀಯ ಅಂತ, ಅಷ್ಟೇ ಕಣೇ. ಅಷ್ಟೇ ಇರಬಹುದು. ಇನ್ನೊಂದು ಮನೆಯಿಲ್ಲ, ಇನ್ನೊಬ್ಬಳಿಲ್ಲ, ಬಾಯ್ತುಂಬ ರೊಟ್ಟಿಯಿದ್ದ ಒಬ್ಬ ಸಂಕೋಚದ ಮನುಷ್ಯ, ಹಗುರಾಗಬೇಕು ನನಗೆ, ಹಗುರಾಗಿ ಅವನ ತೋಳಿಗೆ ತಲೆ ಒರಗಿಸಬೇಕು, ಒರಗಿಸುತ್ತೇನೆ, ಜಾಕೆಟ್ಟಿನಿಂದ ಬೆಣ್ಣೆಯ ವಾಸನೆ. ಹೌದು ಎನ್ನಬಹುದು ಈಗ, ಬಾ, ಸೈಕಲ್ಲು ತೆಗೆದುಕೊಂಡು ಬಾ. ಆದರೆ ಹೆಬ್ಬೆರಳು. ತಟ್ಟೆಯ ಅಂಚಿನಲ್ಲಿ ಪುಡಿ ಒತ್ತಿ ಒತ್ತಿ ಸಾಲು ಮಾಡಿದ ಹೆಬ್ಬೆರಳು, ಅದನ್ನು ನಾನು ಇವತ್ತು ಮೊದಲ ಸಲ ನೋಡಿದ್ದಲ್ಲ, ಎಲ್ಲಿ, ಬೇರೆ ತಟ್ಟೆ, ತಟ್ಟೆಯಲ್ಲ ಮೇಜು, ನಮ್ಮ ಅಡುಗೆಮನೆಯ ಮೇಜು, ಅಂತ್ಯಕ್ರಿಯೆಯ ಹಣ್ಣಿನ ಕೇಕಿನ ಪುಡಿ ಎಲ್ಲೆಡೆ ಉದುರಿದೆ, ನಲ್ಲಿ ತೊಟ್ಟಿಕ್ಕುತ್ತಿದೆ, ಕೇಳುತ್ತಿದ್ದೇನೆ, ಅವನು ಅಲ್ಲಿ ಯಾಕೆ ಹೋಗಿದ್ದ ರಸೆಲ್, ನಿನಗೇನಾದರೂ ಹೇಳಿದ್ದನೇ. ಬಾಯಿ ತೆರೆಯಿತು. ಮುಚ್ಚಿತು. ಹೆಬ್ಬೆರಳು ಪುಡಿಯ ಮೇಲೆ ಇಳಿಯಿತು, ಒತ್ತಿತು, ಎತ್ತಿತು, ಒಂದು ಸಾಲು. ದಾರಿ ತಪ್ಪಿರಬೇಕು ಬ್ರಯ್. ಆ ಮೆತ್ತನೆಯ ನಗೆ. ಗೇಟಿನ ತನಕ ನಡೀತಾಳೆ ಎಂದ ಅದೇ ದನಿ. ತಲೆ ಎತ್ತಿದೆ ಅವನ ತೋಳಿನಿಂದ. ಚಳಿಯಾಯ್ತಾ ಅಂದ. ಇಲ್ಲ ಅಂದೆ. ಎರಡು ವರ್ಷ. ಅವರೆಲ್ಲರೂ ಒಂದೇ ಮಾತು ಹೇಗೆ ಹೇಳಿದರು, ಅತ್ತೆ, ಪಾದ್ರಿ, ಎಲ್ಲರೂ, ಒಬ್ಬರು ಹಂಚಿಕೊಟ್ಟ ಹಾಗೆ, ಕೇಕಿನ ತುಂಡಿನ ಹಾಗೆ, ನನಗೊಂದು ನಿನಗೊಂದು, ಅವಳಿಗೆ ಇದು ಸಾಕು, ಪಾಪ. ಅವರೆಲ್ಲರೂ ವಿನ್ನಿಯರು. ಇವರ ಬಾಯಲ್ಲಿ ನಡೆಯುವ ಈನಿಡ್ ನಾನೇ, ಅಲ್ಲ, ಈನಿಡ್ ಎಂದರೆ ಡೊಮಿನಿಕ್, ಅವನನ್ನು ಇವರೆಲ್ಲ ಸೇರಿ ನನ್ನ ಸಲುವಾಗಿ ಗೇಟಿನವರೆಗೆ ನಡೆಸುತ್ತಿದ್ದಾರೆ, ದಾರಿ ತಪ್ಪಿದ ಒಳ್ಳೆಯ ಗಂಡ, ದಿನವೂ ಉತ್ತರಕ್ಕೆ ಹೋಗುತ್ತಾನೆ, ದಿನವೂ ದಾರಿ ತಪ್ಪುತ್ತಾನೆ, ನಾನೂ ಅವನಿಗೆ ನೀರು ಹಾಕುತ್ತಿದ್ದೇನೆ.

ಸ್ಟೇಷನ್ನಿನಲ್ಲಿ ರೈಲು ಇನ್ನೂ ಬಂದಿಲ್ಲ, ಕಬ್ಬಿಣದ ಚಾವಣಿಯ ಕೆಳಗೆ ಹಳೆಯ ಬೆಂಚು, ಹಳಿಯ ಆಚೆ ಪಾರಿವಾಳ. ರಸೆಲ್ ಪೊಟ್ಟಣ ಬಿಚ್ಚಿದ, ಹಾಳಾಗೋದು ಬೇಡ, ತಿನ್ನು ಎಂದು ಒಂದನ್ನು ನನಗೆ ಕೊಟ್ಟ, ಒಂದನ್ನು ತಾನು ಕಚ್ಚಿದ, ಪುಡಿ ಮೊಣಕಾಲಿಗೆ ಉದುರಿತು, ಈನಿಡ್‌ಳ ರೊಟ್ಟಿ, ಬಿಸಿ ಮಾಡದೆ. ಸರಿ, ಹೇಳು ಅಂದ, ಬೇರೆ ಕಡೆ ನೋಡುತ್ತ, ಹಳಿ ನೋಡುತ್ತ, ಸಂಜೆ ಆಯ್ತಲ್ಲ. ಹೇಳಬಾರದು ಎಂದಿದ್ದಳು ವಿನ್ನಿ. ಹೇಳದೆಯೂ ಇರಬಹುದು, ಹೌದು ಎನ್ನಬಹುದು, ಒಳ್ಳೆಯವನೊಬ್ಬನ ಜೊತೆ ಒಂದು ಮನೆ, ಮೇಜಿನ ಮೇಲೆ ಎರಡು ಕಪ್ಪು, ಕಿಟಕಿಯಲ್ಲಿ ಒಂದು ಕುಂಡ, ಯಾರೂ ಏನೂ ಕೇಳದ ಮೇಜು, ಅಂಥ ಮನೆಗಳು ಈ ನಾಡಿನ ತುಂಬ ಇವೆ, ಚೆನ್ನಾಗಿಯೇ ನಡೆಯುತ್ತವೆ, ಜನ ಮುದುಕರಾಗುತ್ತಾರೆ. ವಿನ್ನಿಗೆ ಗೊತ್ತು ಅಂದೆ. ಏನು. ನೀನು ಕ್ಲೈವ್ ಅಲ್ಲ ಅಂತ, ಎರಡನೇ ವಾರದಿಂದಲೂ ಗೊತ್ತು. ಅಗಿಯುವುದು ನಿಂತಿತು. ಅಯ್ಯೋ ದೇವರೇ. ಕಿವಿ, ಕುತ್ತಿಗೆ, ಎಲ್ಲ ಕೆಂಪು. ಮತ್ತೆ ಕೇಳ್ತಿದ್ಲಲ್ಲ, ಇವತ್ತೂ ಕೇಳಿದ್ಲು. ಈನಿಡ್ ಸತ್ತು ವರ್ಷದ ಮೇಲಾಯ್ತಂತೆ ರಸೆಲ್, ನಿನ್ನ ಬಾಯಲ್ಲಿ ಅವಳು ನಡೆಯೋದನ್ನ ಕೇಳಬೇಕು ಅಂತ ಕೇಳ್ತಿದ್ಲು. ಕೈಯಲ್ಲಿದ್ದ ಅರ್ಧ ರೊಟ್ಟಿಯನ್ನು ನೋಡಿದ. ಪಾಪ ಕಣೇ ಅಂದ, ಯಾರಿಗೆ ಪಾಪ ಎಂದು ಹೇಳಲಿಲ್ಲ. ನಾನು ವಿನ್ನಿ ಅಲ್ಲ ಅಂದೆ. ನನ್ನ ದನಿ ನನಗೇ ದೂರದಿಂದ ಕೇಳಿಸಿತು, ಸಮತಟ್ಟಾಗಿ, ಹವಾಮಾನ ಹೇಳುವಂತೆ. ನನಗೋಸ್ಕರ ಯಾರನ್ನೂ ಗೇಟಿನ ತನಕ ನಡೆಸೋದು ಬೇಡ. ನೀನು ನಮ್ಮ ಮನೆಗೆ ಬರೋದಾದ್ರೆ ಇದೊಂದು ಹೇಳಿ ಬಾ, ಏನೇ ಇರಲಿ, ಯಾರೇ ಇರಲಿ, ಬೈಯಲ್ಲ, ಅಳಲ್ಲ. ಡೊಮಿನಿಕ್ ಆವತ್ತು ಎಲ್ಲಿಗೆ ಹೋಗ್ತಿದ್ದ. ಅಳುವುದಿಲ್ಲ ಎಂದದ್ದು ನಿಜವೇ, ಗೊತ್ತಿಲ್ಲ, ಹೇಳಿಬಿಟ್ಟರೆ ಕುಂಡವನ್ನು ಏನು ಮಾಡಲಿ, ಕೇಳಿದ್ದು ತಪ್ಪಾಯಿತೇ, ಮಾತು ಹೊರಗೆ ಹೋಗಿಯಾಗಿದೆ, ಹಳಿ ಎಲ್ಲೋ ದೂರದಲ್ಲಿ ಸಣ್ಣಗೆ ಗುಂಯ್ ಎನ್ನುತ್ತಿದೆ, ರೈಲು ತಿರುವಿನಲ್ಲಿರಬೇಕು, ಅವನ ಬಾಯಿ ತೆರೆಯಿತು, ಮುಚ್ಚಲಿಲ್ಲ, ತೆರೆದೇ ಇದೆ, ನಗೆ ಬರಲಿಲ್ಲ, ಮುಖ ನೋಡಲಾರೆ, ಮೊಣಕಾಲು ನೋಡುತ್ತೇನೆ, ಪುಡಿ, ಹೆಬ್ಬೆರಳು ಪುಡಿಯ ಕಡೆಗೆ ಇಳಿಯಿತು, ಒತ್ತಿದರೆ ದಾರಿ ತಪ್ಪಿರಬೇಕು ಎನ್ನುತ್ತಾನೆ, ಉಗುರಿನ ಸುತ್ತ ಲಿಫ್ಟಿನ ಗ್ರೀಸಿನ ಕಪ್ಪು, ಇಳಿಯಿತು, ಒತ್ತಲಿಲ್ಲ, ಪುಡಿಗೂ ಬೆರಳಿಗೂ ನಡುವೆ ಕೂದಲೆಳೆಯಷ್ಟು ಜಾಗ, ಅಲ್ಲೇ ನಿಂತಿದೆ, ಒತ್ತುವುದಿಲ್ಲ, ಹಿಂದಕ್ಕೂ ಹೋಗುವುದಿಲ್ಲ, ಹೆಬ್ಬೆರಳು —